ಬ್ಯಾನರ್ ಹಿಂದೆ ನಿಲ್ಲದ ಇಬ್ಬರು

ಕಳೆದ ಬೇಸಿಗೆಯಲ್ಲಿ ಬೇ ಏರಿಯಾದ ಕೆಲವು ಕನ್ನಡ ಕುಟುಂಬಗಳು ಸೇರಿ ಯೂರೋಪ್ ಟೂರಿಗೆ ಹೋದೆವು. ಸ್ಯಾನ್ ರಮೋನ್‌ನಿಂದ ನಾನು, ನನ್ನ ಗಂಡ, ಹುಬ್ಬಳ್ಳಿಯಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ. ಟೂರಿನ ಉಸ್ತುವಾರಿ ಕ್ಯುಪರ್ಟಿನೋದ ಗೆಳೆಯರೊಬ್ಬರದು. ಗುಂಪಿನ ಹೆಸರು ಬರೆಸಿದ ಅರಿಶಿನ-ಕುಂಕುಮ ಬಣ್ಣದ ಬ್ಯಾನರನ್ನು ಅವರು ಸೂಟ್‌ಕೇಸಿನಲ್ಲಿ ತಂದಿದ್ದರು. ಬಸ್ಸು ಎಲ್ಲಿ ನಿಂತರೂ ಅದನ್ನು ಬಿಚ್ಚುವುದು, ಎಲ್ಲರೂ ಹಿಂದೆ ನಿಲ್ಲುವುದು, ಫೋಟೋ. ಪ್ಯಾರಿಸ್ಸಿನಲ್ಲಿ ನಾನೂ ಖುಷಿಯಾಗಿಯೇ ನಿಂತಿದ್ದೆ.

ಆಮೇಲೆ ಮ್ಯೂನಿಕ್ ಹತ್ತಿರದ ಸ್ಮಾರಕಕ್ಕೆ ಹೋದೆವು. ಹಿಟ್ಲರನ ಕಾಲದಲ್ಲಿ ಜನರನ್ನು ಕೂಡಿಹಾಕಿ ಕೊಂದ ಕ್ಯಾಂಪು. ಗೈಡಿನ ಇಂಗ್ಲಿಷು ಅತ್ತೆಗೆ ಅರ್ಥವಾಗುತ್ತಿರಲಿಲ್ಲ. ಪಕ್ಕದಲ್ಲಿ ನಡೆಯುತ್ತಾ ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಹೆಣ ಸುಡುತ್ತಿದ್ದ ಒಲೆಗಳ ಮುಂದೆ ಗೈಡ್ ಹೇಳಿದ್ದನ್ನು ಮಾತ್ರ ಕನ್ನಡಕ್ಕೆ ತರದೆ ಬಿಟ್ಟೆ.

"ಏನಂದ ಅವಾ? ಹೇಳು," ಅಂದರು ಅತ್ತೆ.

ಹೇಳಿದೆ. ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹೊರಗೆ ಗೇಟಿನ ಹತ್ತಿರ ಆಗಲೇ ಬ್ಯಾನರ್ ಬಿಚ್ಚಿಯಾಗಿತ್ತು. "ಆಂಟೀ, ಮುಂದೆ ಬನ್ನಿ, ಲಂಚಿಗೆ ಲೇಟಾಗುತ್ತೆ. ಎಲ್ಲರೂ ಸ್ಮೈಲ್!" ಉಸ್ತುವಾರಿಯವರು ಕೂಗಿದರು.

"ನಾನು ಬರಲ್ಲ," ಅಂದೆ.

ಗಂಡ ಹತ್ತಿರ ಬಂದು ಪಿಸುಗುಟ್ಟಿದರು. "ಒಂದು ಫೋಟೋ ತಾನೇ? ಎಲ್ಲರೂ ಕಾಯ್ತಿದ್ದಾರೆ. ಸೀನ್ ಮಾಡಬೇಡ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮಗನ ಮೇಲೆ ಹರಿಹಾಯ್ದರು. "ಸತ್ತ ಮನಿ ಮುಂದ ನಿಂತು ಹಲ್ಲು ಕಿಸೀಲೇನು? ನಾ ಒಲ್ಲೆ. ನಿನಗ ಬೇಕಾದ್ರ ನೀ ನಿಂದ್ರು, ಹೋಗು."

ಗಂಡ ಹೋಗಿ ನಿಂತರು. ನಾವಿಬ್ಬರೂ ಬಸ್ಸಿನ ಕಡೆ ನಡೆದೆವು. ಊಟದ ಹೊತ್ತಿಗೆ ನಮ್ಮ ಟೇಬಲ್ಲಿಗೆ ಯಾರೂ ಬಂದು ಕೂರಲಿಲ್ಲ. "ಬರ್ಲಿಲ್ಲಂದ್ರ ಬಿಡು. ಆ ಬಟಾಟಿ ಪಲ್ಯಾ ಇತ್ತ ಕೊಡು," ಎಂದು ಅತ್ತೆ ಹೊಟ್ಟೆ ತುಂಬ ಉಂಡರು.

ಮಧ್ಯಾಹ್ನ ಹಳ್ಳಿಯೊಂದರ ಚರ್ಚು. ಒಳಗೆಲ್ಲ ಬಿಳಿ, ಬಂಗಾರ. ಚಾವಣಿ ತುಂಬ ಮೋಡಗಳ ಮೇಲೆ ಕೂತ ಮಕ್ಕಳ ಚಿತ್ರ. ಅತ್ತೆ ತಲೆಯೆತ್ತಿ ನೋಡಿ ನೋಡಿ ಕೊನೆಗೆ ಬೆಂಚಿನ ಮೇಲೆ ಹೆಚ್ಚೂಕಡಿಮೆ ಮಲಗಿಯೇಬಿಟ್ಟರು. "ಎಷ್ಟ್ ಚಂದ ಮಾಡ್ಯಾರ! ಇಂಥಾದ್ದ ಮಾಡೋ ಮಂದಿನೂ ಇದೇ ದೇಶದಾಗ ಇದ್ರಲ್ಲ," ಅಂದರು. ಆಮೇಲೆ ತಾವೇ ಉಸ್ತುವಾರಿಯವರನ್ನು ಕರೆದರು. "ಬರ್ರೀ, ಇಲ್ಲೆ ಎಷ್ಟ್ ಬೇಕಾದ್ರೂ ತಗೀರಿ." ಅವರು ಬಿಗಿದ ಮುಖದಲ್ಲೇ ಒಂದು ತೆಗೆದರು. ಅದರಲ್ಲಿ ಅತ್ತೆಯ ಹಲ್ಲುಸೆಟ್ಟು ಪೂರ್ತಿ ಕಾಣುತ್ತದೆ.

ವಾಪಸ್ ಬಂದ ಮೇಲೆ ಕ್ಯುಪರ್ಟಿನೋದ ಅವರ ಮನೆಯಲ್ಲಿ ಪಾಟ್‌ಲಕ್ಕು ಇತ್ತು, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಊಟ. ನಾನು ಬಿಸಿಬೇಳೆಭಾತ್ ಮಾಡಿಕೊಂಡು ಹೋಗಿದ್ದೆ. ದೊಡ್ಡ ಟಿ.ವಿ.ಯಲ್ಲಿ ಫೋಟೋಗಳು ಒಂದೊಂದಾಗಿ ಬಂದವು. ಕ್ಯಾಂಪಿನ ಗೇಟಿನ ಫೋಟೋ ಬಂದಾಗ ಉಸ್ತುವಾರಿಯವರು ನಕ್ಕು, "ಇದರಲ್ಲಿ ನಮ್ಮ ಮೇಡಮ್ಮು ಮಿಸ್ಸಿಂಗು. ಮುನಿಸಿಕೊಂಡಿದ್ದರು," ಅಂದರು. ಒಂದಿಬ್ಬರು ನಕ್ಕರು.

ತಟ್ಟೆ ಕೆಳಗಿಟ್ಟೆ. "ಮುನಿಸಲ್ಲ. ನಗೋ ಜಾಗ ಅಲ್ಲ ಅದು ಅಂತ ನಿಲ್ಲಲಿಲ್ಲ. ನಾಳೆ ಕರೆದರೂ ನಿಲ್ಲಲ್ಲ," ಅಂದೆ.

ಟಿ.ವಿ.ಯಲ್ಲಿ ನನ್ನ ಗಂಡ ಬ್ಯಾನರ್ ಅಂಚು ಹಿಡಿದು ಹೆಬ್ಬೆರಳು ಎತ್ತಿಕೊಂಡೇ ನಿಂತಿದ್ದರು. ಸೋಫಾದಲ್ಲಿದ್ದ ಗಂಡ ಅದನ್ನೇ ನೋಡುತ್ತಿದ್ದರು. "ಇದನ್ನ ತೆಗೆದುಬಿಡಿ, ಪ್ಲೀಸ್," ಎಂದರು ಕೊನೆಗೆ. ನಾನು ಅವರ ನೆರವಿಗೆ ಹೋಗಲಿಲ್ಲ. 680 ಹೆದ್ದಾರಿಯಲ್ಲಿ ಮನೆ ಮುಟ್ಟುವವರೆಗೂ ಅವರು ರೇಡಿಯೋ ಹಾಕಿಕೊಂಡೇ ಕಾರು ಓಡಿಸಿದರು.

ಮುಂದಿನ ಟೂರಿನ ವಾಟ್ಸಾಪ್ ಗುಂಪಿಗೆ ನಮ್ಮನ್ನು ಸೇರಿಸಿರಲಿಲ್ಲ. ಮೊನ್ನೆ ನಾನೇ ಫೋನ್ ಮಾಡಿದೆ. "ನಿಮಗೆ ಇಷ್ಟ ಆಗುತ್ತೋ ಇಲ್ಲವೋ ಅಂತ..." ಉಸ್ತುವಾರಿಯವರು ರಾಗ ಎಳೆದರು.

"ಇಷ್ಟ ಆಗುತ್ತೆ. ಅತ್ತೆಗೂ ಸೇರಿ ಮೂರು ಸೀಟು ಇಡಿ," ಅಂದೆ. "ಎಲ್ಲಿ ನಿಲ್ಲಬೇಕು ಅನ್ನೋದನ್ನ ನಾನು ಅಲ್ಲೇ ನೋಡಿಕೊಳ್ತೀನಿ."