ಮಾಲಕನ ಕಾಲಿಗೆ ಬಿದ್ದದ್ದು

ಬೆಳಗಾವಿಯ ಕನ್ನಡ ಪತ್ರಿಕೆಯೊಂದಕ್ಕೆ ಕೊಲ್ಲಾಪುರ ಜಿಲ್ಲೆಯ ಕೋರ್ಟು ಸುದ್ದಿ ಬರೆಯುವುದು ನನ್ನ ಕೆಲಸ. ತೀರ್ಪು ಬರುವವರೆಗೆ ಯಾರನ್ನೂ ಕಳ್ಳ ಎಂದು ಬರೆಯುವಂತಿಲ್ಲ, ಆರೋಪಿ ಎನ್ನಬೇಕು. ಇದು ನಮ್ಮ ಡೆಸ್ಕಿನ ಕಟ್ಟುನಿಟ್ಟು. ಸೋದರತ್ತೆಯ ಮಗನ ಮೇಲೆ ಮೊಕದ್ದಮೆಯಾದಾಗ ಸಂಬಂಧಿಕನೆಂದು ಸಂಪಾದಕರಿಗೆ ತಿಳಿಸಿ, ಸುದ್ದಿಯನ್ನು ಸಹೋದ್ಯೋಗಿಗೆ ಬಿಟ್ಟುಕೊಟ್ಟೆ. ನಾಲ್ಕು ಸಾಲು ಬಂತು. ಅದರಲ್ಲಿ ತಪ್ಪಿರಲಿಲ್ಲ.

ಅವನು ಇಚಲಕರಂಜಿಯಲ್ಲಿ ಒಬ್ಬ ಮಾಲಕನ ಶೆಡ್ಡಿನಲ್ಲಿ ವಿದ್ಯುತ್ ಮಗ್ಗ ನಡೆಸುವ ಕೆಲಸಕ್ಕಿದ್ದ. ಶೆಡ್ಡಿನಿಂದ ಮಗ್ಗದ ಎರಡು ಮೋಟಾರು ಕಾಣೆಯಾದವು. ಆ ವಾರ ರಾತ್ರಿ ಪಾಳಿ ಅವನದಾಗಿತ್ತು. ಮಾಲಕನಿಗೆ ಸಂಶಯ ಬಂತು. ಆದರೆ ಮಾಲಕ ಇನ್ನೂ ಪೊಲೀಸರ ಬಳಿಗೆ ಹೋಗಿರಲಿಲ್ಲ. ಅಷ್ಟರಲ್ಲಿ ನೇಸರಿಯಲ್ಲಿದ್ದ ಅತ್ತೆಗೆ ಸುದ್ದಿ ಮುಟ್ಟಿತು. ಮರುದಿನ ಅವಳು ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸಿ ಬಂದು, ಮಗನ ತೋಳು ಹಿಡಿದು ಮಾಲಕನ ಮನೆಗೆ ಕರೆದೊಯ್ದಳು.

ನಮ್ಮ ಮನೆಗಳಲ್ಲಿ ಹಿರಿಯರಿಗೆ ಸಿಟ್ಟು ಬಂದರೆ ಕಿರಿಯರು ಮೊದಲು ಕಾಲಿಗೆ ಬೀಳುತ್ತಾರೆ. ತಪ್ಪು ಯಾರದೆಂಬುದು ಆಮೇಲಿನ ಮಾತು. ನಾನು ಮುರಿಯದೇ ಇದ್ದ ಕುಂಟೆಗಾಗಿ ಅಜ್ಜನ ಕಾಲಿಗೆ ಬಿದ್ದಿದ್ದೇನೆ. ಅಜ್ಜ ಎಬ್ಬಿಸಿ ಬೆಲ್ಲ ಕೊಟ್ಟ. ಮುರಿದವರು ಯಾರೆಂದು ಮತ್ತೆ ಯಾರೂ ಕೇಳಲಿಲ್ಲ.

ಅತ್ತೆ ಮಗನ ಹೆಗಲ ಮೇಲೆ ಕೈಯಿಟ್ಟು ಬಗ್ಗಿಸಿದಳು. “ತಪ್ಪಾಗೈತ್ರಿ ಶೇಟ, ಹೊಟ್ಟ್ಯಾಗ ಹಾಕ್ಕೋರಿ” ಎಂದದ್ದೂ ಅವಳೇ. ಮಾಲಕನ ಇಬ್ಬರು ನೆರೆಯವರು ಚಹಾ ಕುಡಿಯುತ್ತ ನೋಡುತ್ತಿದ್ದರು. ಸಂಜೆ ಮಾಲಕ ಫಿರ್ಯಾದಿ ಕೊಟ್ಟ. ಆರೋಪಿ ತಮ್ಮೆದುರು ಕಾಲಿಗೆ ಬಿದ್ದು ಕಳ್ಳತನ ಒಪ್ಪಿಕೊಂಡನೆಂದು ಆ ಇಬ್ಬರು ಹೇಳಿಕೆ ಕೊಟ್ಟರು.

ಬಂಧನದ ನಂತರ ಅವನಿಗೆ ಸಿಗಬೇಕಾದದ್ದೆಲ್ಲ ಸಿಕ್ಕಿತು ಎಂಬುದನ್ನೂ ಹೇಳಬೇಕು. ಬಂಧನದ ಕಾರಣ ತಿಳಿಸಿದರು, ಮನೆಗೆ ಫೋನು ಮಾಡಿದರು. ಒಂದು ದಿನ ಕಳೆಯುವ ಮೊದಲೇ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು. ಸರಕಾರದ ಖರ್ಚಿನಲ್ಲಿ ವಕೀಲೆಯನ್ನು ಕೊಟ್ಟರು. ಯಾರೂ ಹೊಡೆಯಲಿಲ್ಲ ಎಂದು ಅವನೇ ಹೇಳಿದ.

ವಕೀಲೆ ಗಡಹಿಂಗ್ಲಜದ ಕಡೆಯವಳು, ಚಿಕ್ಕ ವಯಸ್ಸಿನವಳು. ಜಾಮೀನು ಅರ್ಜಿಯ ದಿನ ಅತ್ತೆಯ ಜೊತೆ ನಾನೂ ಹೋಗಿದ್ದೆ. ಕೋರ್ಟಿನ ಹೊರಗೆ ವಕೀಲೆ ಅತ್ತೆಗೆ ಕನ್ನಡದಲ್ಲೇ ತಿಳಿಸಿ ಹೇಳಿದಳು.

“ಆಯೀ, ಪೊಲೀಸರ ಮುಂದ ಒಪ್ಪಿಕೊಂಡ್ರ ಅದು ಕೋರ್ಟಿನ್ಯಾಗ ನಡಿಯಾಂಗಿಲ್ಲ. ನಿನ್ನ ಮ್ಯಾಲೆ ನೀನ ಸಾಕ್ಷಿ ಹೇಳು ಅಂತ ಯಾರಿಗೂ ಜುಲುಮಿ ಮಾಡಾಕ ಬರಾಂಗಿಲ್ಲ. ಸುಮ್ಮನಿರೂದು ಅವನ ಹಕ್ಕು, ಸಂವಿಧಾನದಾಗ ಐತಿ.”

“ಸುಮ್ಮನಿರೂದು ಅವಂಗ ಯಾರೂ ಕಲಸೂದು ಬ್ಯಾಡ್ರಿ ಬಾಯಾರ. ಉಪ್ಪ ಬೇಕಂದ್ರೂ ತಾಟ ನೋಡಕೋತ ಕುಂದರ್ತಾನ.”

ವಕೀಲೆ ನಕ್ಕಳು. ಆಮೇಲೆ, “ಆದ್ರ ಶೇಟ ಪೊಲೀಸ ಅಲ್ಲಲ್ರಿ” ಎಂದಳು. “ಅವನ ಮುಂದ ಒಪ್ಪಿಕೊಂಡಾನ ಅಂದ್ರ ಕೋರ್ಟು ಕೇಳತೈತಿ. ಅದು ಭಾಳ ಗಟ್ಟಿ ಸಾಕ್ಷಿ ಅಲ್ಲ, ಖಟ್ಲೆ ನಡದಾಗ ನೋಡಕೋತೇನಿ. ಇವತ್ತ ಜಾಮೀನಿಗೆ ಅಡ್ಡ ಬರತೈತಿ.”

“ಅಂವ ಎಲ್ಲಿ ಒಪ್ಪಿದ್ನ? ಬಾಯಿನ ಬಿಟ್ಟಿಲ್ಲ. ನಾನ ಬಗ್ಗಿಸಿದ್ನಿ, ನಾನ ಅಂದ್ನಿ.”

“ಅದನ್ನ ಖಟ್ಲೆದಾಗ ಹೇಳ್ರಿ.”

“ಈಗ ಹೇಳತೇನಿ. ಒಳಗ ಕರಕೊಂಡ ಹೋಗ್ರಿ.”

“ಈಗ ಯಾರೂ ಕೇಳಾಂಗಿಲ್ರಿ ಆಯೀ. ಸಾಕ್ಷಿ ಹೇಳೂದು ಮುಂದ ಬರತೈತಿ.”

ಅತ್ತೆ ನನ್ನ ಕಡೆ ತಿರುಗಿದಳು. “ತಮ್ಮಾ, ನೀ ಪೇಪರ್ದಾಂವ. ನೀನರ ಹೇಳ. ಕಾಲಿಗೆ ಬಿದ್ರ ಕಳ್ಳ ಆಗತಾನೇನ?”

ಆಗುವುದಿಲ್ಲ ಎಂದೆ.

“ಮತ್ತ ಒಳಗ ಯಾಕ ಇಟ್ಟಾರ?”

ಅದಕ್ಕೆ ಕಾನೂನು ಕೊಡುವ ಉತ್ತರ ನನಗೆ ಗೊತ್ತಿತ್ತು. ಹೇಳಿದೆ. ಅವಳು ಕೋರ್ಟಿನ ಬಾಗಿಲು ನೋಡುತ್ತಿದ್ದಳು.

ಅವನು ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಇವತ್ತಿಗೂ ತೀರ್ಪು ಬಂದಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಅವನನ್ನು ಬಗ್ಗಿಸುವ ಮೊದಲು ಅವಳು ಅದನ್ನು ಕೇಳಿರಲಿಲ್ಲ.

ಮಧ್ಯಾಹ್ನ ಅರ್ಜಿ ವಜಾ ಆಯಿತು. ಆರೋಪಿಯ ಮನೆ ಬೇರೆ ತಾಲೂಕಿನಲ್ಲಿದೆ, ಮೋಟಾರು ಸಿಕ್ಕಿಲ್ಲ, ಒಪ್ಪಿಕೊಂಡದ್ದಕ್ಕೆ ಮೇಲ್ನೋಟಕ್ಕೆ ಇಬ್ಬರು ಸಾಕ್ಷಿಗಳಿದ್ದಾರೆ ಎಂಬ ಕಾರಣಗಳಿದ್ದವು. ಮೇಲಿನ ಕೋರ್ಟಿಗೆ ಹಾಕೋಣ ಎಂದು ಹೇಳಿ ವಕೀಲೆ ಮುಂದಿನ ಮೊಕದ್ದಮೆಗೆ ಒಳಗೆ ಹೋದಳು.

ಇಬ್ಬರು ಪೊಲೀಸರು ಅವನನ್ನು ಪಡಸಾಲೆಗೆ ಕರೆತಂದರು. “ಬೋಲಾ ಆಯೀ, ಲೌಕರ ಬೋಲಾ” ಎಂದು ಒಬ್ಬ, ಬೇಗ ಮಾತಾಡಿ ಮುಗಿಸುವಂತೆ ಮರಾಠಿಯಲ್ಲಿ ಅವಸರಪಡಿಸಿದ. ದನಿಯಲ್ಲಿ ಒರಟುತನವಿರಲಿಲ್ಲ. ತಾಯಿಯನ್ನು ಕಂಡವನೇ ಅವನು, ಊರಿಂದ ಹೊರಡುವಾಗಲೆಲ್ಲ ಮಾಡುವಂತೆ, ಅವಳ ಕಾಲು ಮುಟ್ಟಲು ಬಾಗಿದ.

ಅತ್ತೆ ಗಾಬರಿಯಾಗಿ ಹಿಂದೆ ಸರಿದಳು. ಹಿಂದೆ ಗೋಡೆಯಿತ್ತು. ಸೀರೆ ಇಳಿಬಿಟ್ಟು ಪಾದ ಮುಚ್ಚಿಕೊಂಡಳು.

“ಬ್ಯಾಡೋ, ಬಗ್ಗಬ್ಯಾಡ. ನೆಟ್ಟಗ ನಿಂದರ. ಮಂದಿ ನೋಡಾಕತ್ತಾರ.”

ಅವನು ಕೈ ಮುಂದೆ ಚಾಚಿ ಅರ್ಧ ಬಾಗಿದಲ್ಲೇ ನಿಂತ. ತಾನೇನು ಮಾಡಿದೆ ಎಂಬಂತೆ ತಾಯಿಯ ಮುಖ ನೋಡಿದ. ಪೊಲೀಸನೇ ತೋಳು ಹಿಡಿದು ಅವನನ್ನು ನೆಟ್ಟಗೆ ನಿಲ್ಲಿಸಿ ಕರೆದುಕೊಂಡು ಹೋದ.