ಇಳಿಸಿಟ್ಟ ಶ್ರುತಿ

ಹೋದ ತಿಂಗಳು ಸಹೋದ್ಯೋಗಿಯೊಬ್ಬರ ಮನೆಗೆ ಹೋಗಿದ್ದಾಗ ಅವರು ಮಂಚದ ಕೆಳಗಿನಿಂದ ಹಳೆಯದೊಂದು ಆಂಪ್ಲಿಫೈಯರ್ ಎಳೆದು, ಕೆಲಸ ಮಾಡುತ್ತದೋ ನೋಡೋಣ ಎಂದು ಸ್ವಿಚ್ ಒತ್ತಿದರು. ಸದ್ದೇನೂ ಬರಲಿಲ್ಲ. ವಾಸನೆ ಬಂತು. ವರ್ಷಗಟ್ಟಲೆ ಒಳಗೆ ಕೂತ ಧೂಳು ಬಿಸಿಯಾಗುವ ವಾಸನೆ, ಜೊತೆಗೆ ಮೇಣ ಕರಗಿದಂಥ ಏನೋ ಒಂದು... ತಟ್ಟನೆ ಜಯನಗರದ ಮನೆ ಓನರ್ ನೆನಪಾದರು. ವಾಸನೆಯಿಂದ ಬಂದ ನೆನಪು ಸುಳ್ಳಾಗುವುದಿಲ್ಲ ಎಂದು ಜನ ನಂಬುತ್ತಾರೆ. ನಾನು ನಂಬುವುದಿಲ್ಲ. ವಾಸನೆ ನೆನಪನ್ನು ಎಬ್ಬಿಸುತ್ತದೆ ಅಷ್ಟೆ, ಎದ್ದು ಬಂದದ್ದಕ್ಕೆ ಜಾಮೀನು ನಿಲ್ಲುವುದಿಲ್ಲ. ಮುಂದಿನದನ್ನು ಓದುವವರೂ ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದುವುದು ಒಳ್ಳೆಯದು.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ, ಜಯನಗರದ ಟಿ ಬ್ಲಾಕಿನಲ್ಲಿ ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಓನರ್ ಮತ್ತು ಅವರ ಹೆಂಡತಿ. ಎಲ್ಲರಂತೆ ನಾನೂ ಅಂಕಲ್, ಆಂಟಿ ಎನ್ನುತ್ತಿದ್ದೆ. ಅಂಕಲ್ ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಿಂದ ನಿವೃತ್ತರಾದವರು. ಯಂತ್ರದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ವಾಪಸ್ ಕಳಿಸುವುದು ಅವರ ಕೆಲಸವಾಗಿತ್ತು. ಮನೆಯಲ್ಲೂ ಹಾಗೆಯೇ. ಗೋಡೆಯ ಕ್ಯಾಲೆಂಡರ್ ವಾಲಿದ್ದರೆ ಮಾತಿನ ಮಧ್ಯೆ ಎದ್ದು ಹೋಗಿ ನೇರ ಮಾಡಿ ಬಂದು, ಬಿಟ್ಟಲ್ಲಿಂದ ಮಾತು ಮುಂದುವರಿಸುತ್ತಿದ್ದರು.

ಕೆಳಗಿನ ಹಾಲ್‌ನಲ್ಲಿ ಅವರ ಹೈ-ಫೈ ಇತ್ತು. ಒಂದು ಆಂಪ್ಲಿಫೈಯರ್, ಒಂದು ಕ್ಯಾಸೆಟ್ ಡೆಕ್, ಸೊಂಟದೆತ್ತರದ ಎರಡು ಸ್ಪೀಕರ್. ಸ್ಪೀಕರಿನ ಮೇಲೆ ಆಂಟಿ ಕಸೂತಿ ಬಟ್ಟೆ ಹಾಸಿ ಹೂದಾನಿ ಇಡುವರು, ಅಂಕಲ್ ತೆಗೆದಿಡುವರು.

"ಅದೇನು ಟೀಪಾಯಿ ಅಂದ್ಕೊಂಡಿದೀಯಾ?"

"ಅಷ್ಟು ಜಾಗ ತಿನ್ನುತ್ತಲ್ಲ ರೀ, ಒಂದು ಹೂದಾನಿ ಹೊರಲಿ ಬಿಡಿ."

ಆಂಟಿ ಮೊದಲು ರೇಡಿಯೋದಲ್ಲಿ ಹಾಡುತ್ತಿದ್ದವರು. ಅವರ ಒಂದು ಕಾರ್ಯಕ್ರಮವನ್ನು ಅಂಕಲ್ ಮನೆಯಲ್ಲೇ ಕ್ಯಾಸೆಟ್ಟಿಗೆ ಹಿಡಿದಿಟ್ಟುಕೊಂಡಿದ್ದರು. ಉಳಿದಿದ್ದು ಅದೊಂದೇ. ನಾನು ಆ ಮನೆಗೆ ಹೋಗುವ ಹೊತ್ತಿಗೆ ಥೈರಾಯ್ಡ್ ಆಪರೇಷನ್ ಆಗಿ ಆಂಟಿಯ ದನಿ ದಪ್ಪಗಾಗಿತ್ತು. ಕಛೇರಿ ನಿಂತಿತ್ತು, ಮಕ್ಕಳಿಗೆ ಪಾಠ ಹೇಳುವುದು ನಿಂತಿತ್ತು, ಶ್ರುತಿ ಪೆಟ್ಟಿಗೆ ಅಟ್ಟ ಸೇರಿತ್ತು. ಆದರೆ ಮಧ್ಯಾಹ್ನ ಊಟದ ಪಾತ್ರೆಗಳನ್ನು ಬೋರಲು ಹಾಕಿದ ಮೇಲೆ ಆ ಕ್ಯಾಸೆಟ್ ಹಾಕಿಕೊಂಡು, ತಮ್ಮದೇ ಹಳೆಯ ದನಿಯ ಜೊತೆಗೆ ಹಾಡುತ್ತಿದ್ದರು. ರಜೆಯ ದಿನಗಳಲ್ಲಿ ಮೇಲೆ ಮಲಗಿದ್ದ ನನಗೆ ಎರಡೂ ದನಿಗಳು ಕೇಳುತ್ತಿದ್ದವು. ಒಂದರ ಮೈಗೆ ಒಂದು ಒರಗಿದಂತೆ... ಅಥವಾ ಹಾಗೆ ಕೇಳುತ್ತಿತ್ತೆಂದು ಈಗ ಅನ್ನಿಸುತ್ತಿದೆ.

ಒಂದು ದಿನ ಡೆಕ್ ನಿಂತುಹೋಯಿತು. ರಿಪೇರಿಯವನು ಬಿಚ್ಚಿ ನೋಡಿ, "ಮೋಟಾರೇ ಹೋಗಿದೆ ಸಾರ್, ಈ ಮಾಡೆಲ್‌ಗೆ ಪಾರ್ಟ್ಸ್ ಈಗೆಲ್ಲಿ ಬರುತ್ತೆ?" ಎಂದು ಎದ್ದು ಹೋದ. ಆಗ ಅಂಕಲ್‌ಗೆ ಮಹಡಿಯವನ ನೆನಪಾಯಿತು.

"ಕಂಪ್ಯೂಟರಿಂದ ಹಾಡು ಹಾಕ್ತಾರಂತಲ್ಲ ಮೇಷ್ಟ್ರೇ? ಅದರ ಜೊತೆ ಕೊಡೋ ಪ್ಲಾಸ್ಟಿಕ್ ಡಬ್ಬೀಲಲ್ಲ. ನನ್ನ ಸ್ಪೀಕರಲ್ಲಿ ಬರ್ಬೇಕು."

"ಬರುತ್ತೆ ಅಂಕಲ್. ಒಂದು ವೈರ್ ಸಾಕು."

"ಒಂದು ವೈರ್ ಸಾಕು ಅಂದೋನು ಒಂದೇ ವೈರಲ್ಲಿ ಮುಗಿಸಿದ್ದನ್ನ ನಾನಂತೂ ಕಂಡಿಲ್ಲ."

ಅವರು ಹೇಳಿದ್ದೇ ಆಯಿತು. ಯಾರೋ ಬಳಸಿಬಿಟ್ಟ ಕಂಪ್ಯೂಟರ್ ತಂದರು. ಒಂದು ತುದಿಯಲ್ಲಿ ಇಯರ್‌ಫೋನ್ ಪಿನ್, ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಪಿನ್ನುಗಳಿದ್ದ ವೈರ್ ತಂದು ನಾನು ಜೋಡಿಸಿದೆ. ಸ್ಪೀಕರಿನಿಂದ 'ಗುಂಯ್' ಎನ್ನುವ ಸದ್ದು ಹೊರಟಿತು, ನಿಲ್ಲಲಿಲ್ಲ.

"ಯಾರ್ರೀ ಅದು ತಂಬೂರಿ ಮೀಟ್ತಿರೋದು?" ಎಂದು ಆಂಟಿ ಅಡುಗೆಮನೆಯಿಂದ ಕೂಗಿದರು.

"ನಿಮ್ಮ ಮೇಷ್ಟ್ರ ಫಿಸಿಕ್ಸ್ ಕಣೇ!"

ಬೇರೆ ವೈರ್, ಬೇರೆ ಪಿನ್ ಎಂದು ವಾರಗಟ್ಟಲೆ ಒದ್ದಾಡಿದ ಮೇಲೆ, ಕಂಪ್ಯೂಟರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿದಾಗ ಆ ಸದ್ದು ಸುಮ್ಮನಾಯಿತು. ಅಷ್ಟರಲ್ಲಿ ಅಂಕಲ್ ಕ್ಯಾಸೆಟ್ಟನ್ನು ವಿಲ್ಸನ್ ಗಾರ್ಡನ್ನಿನ ಒಂದು ಸ್ಟುಡಿಯೋಗೆ ಕೊಟ್ಟು ಸೀಡಿ ಮಾಡಿಸಿ ತಂದಿದ್ದರು.

ಆಂಟಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಮಾಮೂಲಿ ಜಾಗದಲ್ಲಿ ಕೂತರು. ಹಾಡು ಬಂತು. ತಿಳಿಯಾಗಿತ್ತು, ಚುರುಕಾಗಿತ್ತು, ನಾನು ಅಷ್ಟು ದಿನ ಕೇಳಿದ್ದಕ್ಕಿಂತ ಎತ್ತರದಲ್ಲಿತ್ತು. ಪಲ್ಲವಿಯನ್ನು ಆಂಟಿ ಹೇಗೋ ಹಿಡಿದರು. ಹಾಡು ಮೇಲಕ್ಕೆ ಏರುವ ಜಾಗದಲ್ಲಿ ದನಿ ಒಡೆಯಿತು. ಕೆಮ್ಮಿ ಮತ್ತೆ ಪ್ರಯತ್ನಿಸಿದರು. ಮತ್ತೆ ಒಡೆಯಿತು. "ನಾನು ಇಷ್ಟು ಮೇಲೆ ಹಾಡ್ತಿದ್ನಾ..." ಎಂದು, ಯಾರನ್ನೂ ನೋಡದೆ ಎದ್ದು ಒಳಗೆ ಹೋದರು. ಆಮೇಲೆ ಬಹಳ ದಿನ ಮಧ್ಯಾಹ್ನದ ಹೊತ್ತು ಕೆಳಗಿನಿಂದ ಏನೂ ಕೇಳಲಿಲ್ಲ. ಅಷ್ಟೊಂದು ಕಷ್ಟಪಟ್ಟು ಜೋಡಿಸಿದ ಕಂಪ್ಯೂಟರ್ ಮೇಲೆ ಟವೆಲ್ ಮುಚ್ಚಿತ್ತು.

ಅಂಕಲ್ ಒಂದು ಸಂಜೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ಹಾಗೆ ಬರುವವರಲ್ಲ. ಕುರ್ಚಿಯ ತುದಿಯಲ್ಲಿ ಕೂತರು.

"ಡೆಕ್ಕಿನ ಬೆಲ್ಟ್ ಸಡಿಲ ಆಗಿತ್ತು ಮೇಷ್ಟ್ರೇ. ವರ್ಷಗಳಿಂದ. ಕ್ಯಾಸೆಟ್ ನಿಧಾನಕ್ಕೆ ಓಡ್ತಿತ್ತು."

ಟೇಪು ನಿಧಾನವಾದರೆ ಲಯವೂ ಇಳಿಯುತ್ತದೆ, ಶ್ರುತಿಯೂ ಇಳಿಯುತ್ತದೆ. ಸ್ಟುಡಿಯೋದ ಯಂತ್ರ ಸರಿಯಾದ ವೇಗದಲ್ಲಿ ಓಡಿತ್ತು. ನನಗೆ ಆಗ ಅರ್ಥವಾಯಿತು.

"ಗೊತ್ತಿದ್ದೂ ಬದಲಾಯಿಸಲಿಲ್ವಾ?"

"ಹೊಸ ಬೆಲ್ಟ್ ತಂದಿಟ್ಕೊಂಡಿದ್ದೆ. ಆಪರೇಷನ್ ಆದ್ಮೇಲೆ ಇವಳು ಬಾಯೇ ಬಿಟ್ಟಿರ್ಲಿಲ್ಲ. ಒಂದಿನ ಸುಮ್ನೆ ಕ್ಯಾಸೆಟ್ ಹಾಕ್ಕೊಂಡು ಗುನುಗಿದ್ಲು. ದನಿ ಕೂಡ್ತು. ಇನ್ನೂ ಹಾಡಕ್ಕಾಗುತ್ತೆ ಅಂದ್ಕೊಂಡ್ಲು. ಆಮೇಲೆ ಬೆಲ್ಟ್ ಹೇಗೆ ಹಾಕ್ಲಿ, ನೀವೇ ಹೇಳಿ?" ಆಮೇಲೆ, "ಕಂಪ್ಯೂಟರಲ್ಲಿ ಇಳಿಸಕ್ಕಾಗುತ್ತಾ?" ಎಂದರು.

"ಆಗುತ್ತೆ. ಆದ್ರೆ ಅದು ನಿಜವಾದ ರೆಕಾರ್ಡಿಂಗ್ ಆಗಲ್ಲ ಅಂಕಲ್."

"ನಿಜವಾದ್ದು ಸೀಡೀಲಿದೆಯಲ್ಲ, ಅಲ್ಲೇ ಇರ್ಲಿ."

"ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ವಾಪಸ್ ಕಳಿಸ್ತಿದ್ದೆ ಅಂತಿದ್ರಿ?"

"ಅದು ಕಬ್ಬಿಣ ಮೇಷ್ಟ್ರೇ" ಎಂದರು.

ಆಂಟಿ ತರಕಾರಿಗೆ ಹೋಗಿದ್ದಾಗ ನಾವಿಬ್ಬರೂ ಕೂತೆವು. ವೇಗ ಇಳಿಸುವ ಉಚಿತ ಸಾಫ್ಟ್‌ವೇರ್ ಒಂದನ್ನು ನಾನು ತಂದಿದ್ದೆ. ಎಷ್ಟು ಇಳಿಸಬೇಕೆಂಬುದೇ ಪ್ರಶ್ನೆ. ಹೋಲಿಸಿ ನೋಡೋಣವೆಂದರೆ ಡೆಕ್ ಸತ್ತಿತ್ತು. ಇಬ್ಬರಿಗೂ ಸಂಗೀತ ಬಾರದು. ನೆನಪೊಂದೇ ಅಳತೆಗೋಲು. ಇಷ್ಟಿತ್ತಾ? ಇನ್ನೂ ಕೆಳಗಾ? ಕೊನೆಯ ಸಲ ಇಳಿಸುವ ಮುಂಚೆ ಅಂಕಲ್ ಕಣ್ಣು ಮುಚ್ಚಿಕೊಂಡು ಕೇಳಿ, "ಇನ್ನೊಂಚೂರು" ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅವರು "ಸಾಕು" ಎಂದದ್ದೂ, ಹಾಡಲು ಸುಲಭವಾಗಲಿ ಎಂದು ನಾನೇ ಇನ್ನೊಂಚೂರು ಇಳಿಸಿದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡೂ ನಡೆದಿರಲು ಸಾಧ್ಯವಿಲ್ಲ.

ಮರುದಿನ ಅಂಕಲ್ ಹೆಂಡತಿಗೆ, "ಮೊನ್ನೆ ಅದೇನೋ ಸೆಟ್ಟಿಂಗ್ ತಪ್ಪಿತ್ತಂತೆ ಕಣೇ, ಮೇಷ್ಟ್ರು ಸರಿಮಾಡಿದಾರೆ" ಎಂದರು.

ಆಂಟಿ ನನ್ನತ್ತ ತಿರುಗಿದರು. "ಹೌದೇನಪ್ಪಾ?"

"ಹೌದು ಆಂಟಿ."

ಕೂತು ಹಾಡಿದರು. ಮೇಲಕ್ಕೇರುವ ಜಾಗದಲ್ಲಿ ದನಿ ಒಡೆಯಲಿಲ್ಲ. ಕೊನೆಯವರೆಗೂ ಹಾಡಿದರು. ಅಂಕಲ್ ಬಟ್ಟೆಯೊಂದನ್ನು ಹಿಡಿದು ಆಗಲೇ ಒರೆಸಿದ್ದ ಸ್ಪೀಕರನ್ನು ಮತ್ತೆ ಒರೆಸುತ್ತ ನಿಂತಿದ್ದರು. ಅಂದಿನಿಂದ ಮಧ್ಯಾಹ್ನದ ಹಾಡು ಮತ್ತೆ ಶುರುವಾಯಿತು. ಕೆಲವು ವರ್ಷಗಳಾದ ಮೇಲೆ ನಾನು ಹುಳಿಮಾವಿನ ಕಡೆಗೆ ಮನೆ ಬದಲಾಯಿಸಿದೆ. ಮೊದಮೊದಲು ಹೋಗಿ ಬರುತ್ತಿದ್ದೆ, ಆಮೇಲೆ ಫೋನ್, ಆಮೇಲೆ ಅದೂ ಇಲ್ಲ. ಅಂಕಲ್ ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಕರ್ಮಗಳೂ ಮುಗಿದಿದ್ದವು.

ಒಂದು ಅನುಮಾನ ಮಾತ್ರ ಇಷ್ಟು ವರ್ಷ ನನ್ನನ್ನು ಬಿಟ್ಟಿರಲಿಲ್ಲ. ಅಷ್ಟು ಕಲಿತು ಹಾಡಿದವರಿಗೆ ಶ್ರುತಿ ಇಳಿದದ್ದು ತಿಳಿಯದೇ ಇರುತ್ತದೆಯೇ? ಆ ವಾಸನೆ ಬಂದ ಮೇಲೆ ತಡೆಯಲಾಗದೆ ಹೋದ ಭಾನುವಾರ ಆಂಟಿಯನ್ನು ಹುಡುಕಿಕೊಂಡು ಹೋದೆ. ಈಗ ಹನುಮಂತನಗರದಲ್ಲಿ ತಂಗಿಯ ಜೊತೆ ಇದ್ದಾರೆ. ಕಾಫಿ ಕೊಟ್ಟರು. ಕೇಳಿಯೇಬಿಟ್ಟೆ. ಆಂಟಿ ನಕ್ಕರು.

"ಗೊತ್ತಾಗ್ದೆ ಏನಪ್ಪಾ? ಮೇಷ್ಟ್ರಾಗಿ ಇದೇನು ಕೇಳ್ತೀಯ! ಡೆಕ್ ಎಳೀತಾ ಇದ್ದಿದ್ದೂ ಗೊತ್ತು. ಒಳ್ಳೇದೇ ಆಯ್ತು ಅಂತ ಹಾಡ್ಕೊಂಡೆ. ಸೀಡೀಲಿ ಅಷ್ಟು ಎತ್ತರಕ್ಕೆ ಕೇಳ್ದಾಗ ಸ್ವಲ್ಪ ದಿನ ಬೇಜಾರಾಯ್ತು, ಅಷ್ಟೆ. ಆದ್ರೆ ನೀವಿಬ್ರೂ ಸೇರ್ಕೊಂಡು ಇಳಿಸಿದ್ರಲ್ಲ, ತೀರಾ ಕೆಳಗೆ ಹೋಗ್ಬಿಟ್ಟಿತ್ತು. ಡೆಕ್ ಎಲ್ಲಿ ಅಷ್ಟು ಇಳೀತಿತ್ತು? ಅಲ್ಲಿ ಹಾಡಿದ್ರೆ ಗಂಟಲು ಹಿಡ್ಕೊಳ್ಳೋದು."

"ಹೇಳ್ಬೋದಿತ್ತಲ್ಲ ಆಂಟಿ."

"ಹೇಗೆ ಹೇಳ್ಲಿ? ಆ ಬಟ್ಟೆ ಹಿಡ್ಕೊಂಡು, ಒರೆಸಿದ್ದನ್ನೇ ಒರೆಸ್ತಾ ನಿಂತಿದ್ರಲ್ಲ ಅವ್ರು."

"ಈಗ ಹಾಡ್ತೀರಾ?"

"ಅಷ್ಟು ಕೆಳಗೆ ಇನ್ಯಾರಿಗೆ ಹಾಡ್ಲಿ?" ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು.

ಕಂಪ್ಯೂಟರ್ ಎಂದೋ ಗುಜರಿಗೆ ಹೋಗಿದೆ. ಸೀಡಿ ಎಲ್ಲಿದೆಯೋ ಅವರಿಗೂ ಗೊತ್ತಿಲ್ಲ. ನಾವು ಎಷ್ಟು ಇಳಿಸಿದ್ದೆವೆಂದು ಅಳೆಯಲು ಏನೂ ಉಳಿದಿಲ್ಲ. ಆಂಟಿಯ ನೆನಪೂ ನನ್ನ ನೆನಪಿನಂತೆ ತಪ್ಪಿರಬಹುದು. ಬಸ್ಸಿನಲ್ಲಿ ಕೂತು ಹೀಗೆಲ್ಲ ವಾದ ಹೂಡಿದೆ. ಸುಸ್ತಾಗಿತ್ತು, ಮುಂದುವರಿಸಲಿಲ್ಲ. ಆ ಶ್ರುತಿಯನ್ನು ಒಂಚೂರು ಮೇಲೆತ್ತುವುದು ಐದು ನಿಮಿಷದ ಕೆಲಸವಾಗಿತ್ತು. ಅಂಕಲ್ ಇದ್ದಿದ್ದರೆ ಹೇಳುತ್ತಿದ್ದೆ, ಮೊದಲು ನನಗೆ ಚೆನ್ನಾಗಿ ಬೈದು ಆಮೇಲೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಹೇಳಬೇಕಾದ ಮಾತು ಈಗ ನನ್ನ ಹತ್ತಿರ ಇದೆ. ಅವರಿಲ್ಲ.