ಬಾಯಿಮಾತಿನ ಮನೆ

ಕಳೆದ ವಾರ ಪಕ್ಕದ ಮನೆಗೆ ಸುಣ್ಣ ಹೊಡೆಯುತ್ತಿದ್ದರು. ಹಸಿ ಸುಣ್ಣದ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಮತ್ತೆ ಮಧುಗಿರಿಯ ಆ ಎರಡಂಕಣದ ಮನೆಯಲ್ಲಿದ್ದೆ. ಬೆಟ್ಟದ ನೆರಳು ಮೆಲ್ಲಗೆ ಅಂಗಳಕ್ಕೆ ಇಳಿಯುತ್ತಿತ್ತು... ಗೋಡೆ ಇನ್ನೂ ಒಣಗಿರಲಿಲ್ಲ.

ಮಹಾರಾಜರ ಕಾಲ ಅದು. ಅಪ್ಪ ತಾಲ್ಲೂಕು ಕಚೇರಿಯ ಮುಂದೆ ಕೂತು ಊರವರಿಗೆಲ್ಲ ಕರಾರು ಬರೆದುಕೊಡುತ್ತಿದ್ದರು. ನಾವಿದ್ದ ಬಾಡಿಗೆ ಮನೆಗೆ ಮಾತ್ರ ಒಂದು ಚೂರು ಕಾಗದವಿರಲಿಲ್ಲ. ಆ ಮನೆ ಪಕ್ಕದ ಮನೆಯಲ್ಲೇ ಇದ್ದ ಅಜ್ಜಿಯದು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಕ್ಕಳಿಲ್ಲ. ನಾವು ಬಂದ ದಿನ ಅಪ್ಪ ಕರಾರಿನ ಮಾತೆತ್ತಿದರೆ, ಅಜ್ಜಿ ತನ್ನ ಒಲೆಯ ಕೆಂಡವನ್ನು ಮಡಕೆಯ ಓಡಿನಲ್ಲಿ ತಂದು ನಮ್ಮ ಒಲೆಗೆ ಹಾಕಿ ಊದಿದಳು. ಬಾಡಿಗೆಯವರಿಗೆ ಮಾತು ಕೊಡಲು ಅವಳಿಗೆ ಗೊತ್ತಿದ್ದ ರೀತಿ ಅದೊಂದೇ.

"ಒಲೆ ಹತ್ಕಂತಲ್ಲ, ಇನ್ನೇನ್ ಕಾಗ್ದ? ನಾನಿರೋಗಂಟ ಇದು ನಿಮ್ಮನೆ ಕಣಪ್ಪ."

ಕಾಗದವಿಲ್ಲದ ಮನೆಯ ಸುಖವೇ ಬೇರೆ. ಅಮ್ಮ ಬೇಕೆಂದ ಗೋಡೆಗೆ ಗೂಟ ಹೊಡೆದಳು, ಹಿತ್ತಲಲ್ಲಿ ಅವರೆ ಹಬ್ಬಿಸಿದಳು, ಕರು ಕಟ್ಟಿದಳು. ಕಷ್ಟವೂ ಕಡಿಮೆಯಿರಲಿಲ್ಲ. ಅಜ್ಜಿ ಹೇಳದೆ ಕೇಳದೆ ಒಳಗೆ ನುಗ್ಗಿ ನಮ್ಮ ಪಾತ್ರೆಗಳನ್ನು ತನಗೆ ಸರಿಕಂಡ ಕಡೆ ಜೋಡಿಸುವಳು. ಸಿಟ್ಟು ಬಂದರೆ "ನಾಳೀಕೇ ಖಾಲಿ ಮಾಡ್ರಿ" ಎನ್ನುವಳು; ಸಂಜೆಗೆ ಬಿಸಿ ಹೋಳಿಗೆ ತರುವಳು. ನನಗಂತೂ ಅವಳ ಬೈಗುಳವೂ ಇಷ್ಟವಾಗಿತ್ತು.

ಕೆಲವು ವರ್ಷಗಳ ಮೇಲೆ ಅಜ್ಜಿ ಹಾಸಿಗೆ ಹಿಡಿದಳು. ಸಿರಾದಿಂದ ಅವಳ ಮೈದುನನ ಮಗ ಬಂದು ನಮ್ಮ ಅಂಗಳವನ್ನು ಹೆಜ್ಜೆಯಲ್ಲಿ ಅಳೆದುಕೊಂಡು ಹೋದ. ಅಮ್ಮ ಆಗ ತುಂಬು ಬಸುರಿ.

"ಅಜ್ಜಿ ಕಣ್ಮುಚ್ಚಿದ್ರೆ ನಾವು ಬೀದೀಲೇ. ಒಂದು ಹೆಬ್ಬೆಟ್ಟು ಒತ್ತಿಸ್ಕಂಡ್ ಬನ್ರಿ" ಎಂದು ಅಪ್ಪನಿಗೆ ದುಂಬಾಲು ಬಿದ್ದಳು.

ಅಪ್ಪ ಛಾಪಾ ಕಾಗದದ ಮೇಲೆ ಕರಾರು ಬರೆದು, ಮಸಿಯ ಡಬ್ಬಿ ಹಿಡಿದು ಬಂದರು. ನಾನು ಅಜ್ಜಿಗೆ ಗಂಜಿ ಕುಡಿಸುತ್ತಿದ್ದೆ. ಅಜ್ಜಿ ಡಬ್ಬಿಯನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ ತಾನಾಗಿಯೇ ಹೆಬ್ಬೆರಳನ್ನು ಚಾಚಿದಳು. ಅಪ್ಪ ಆ ಕೈ ಹಿಡಿದುಕೊಂಡರು... ಕಣ್ಣಿಗೊತ್ತಿಕೊಂಡರು... ಮೆಲ್ಲಗೆ ಕಂಬಳಿಯ ಒಳಗಿಟ್ಟು, "ಏನಿಲ್ಲ ಕಣಜ್ಜಿ, ನೋಡ್ಕಂಡೋಗಾನ ಅಂತ ಬಂದೆ" ಎಂದರು.

ಅಜ್ಜಿ ಮಣ್ಣಾದ ಎಂಟನೆಯ ದಿನ ಮೈದುನನ ಮಗ ಕಾಗದ ಕೇಳಿದ. ತಮ್ಮ ಹುಟ್ಟಿದ್ದು ಕೊರಟಗೆರೆಯಲ್ಲಿ, ಯಾರದೋ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ.

"ಅಷ್ಟು ಮಾತಾಡ್ದೋಳು ಒಂದು ಹೆಬ್ಬೆಟ್ಟು ಕೊಡ್ಲಿಲ್ಲ" ಎಂದು ಅಮ್ಮ ಬಾಣಂತನದ ಉದ್ದಕ್ಕೂ ಅತ್ತಳು. ಅಪ್ಪ ಬಾಯಿ ಬಿಡಲಿಲ್ಲ. ಅವರ ಮುಖ ನೋಡಿಕೊಂಡು ನಾನೂ ಸುಮ್ಮನಿದ್ದೆ.

ಈಗ ನನ್ನ ಹೆಸರಿಗೆ ಮನೆಯಿದೆ, ಅದಕ್ಕೆ ಬೇಕಾದಷ್ಟು ಕಾಗದಗಳೂ ಇವೆ. ಆದರೂ ಕನಸಿನಲ್ಲಿ ಮನೆ ಎಂದರೆ ಅದೇ ಬರುತ್ತದೆ... ಇಂದು ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಅಮ್ಮ ಕೊನೆಯವರೆಗೂ ಅಜ್ಜಿಯನ್ನು ಬೈದುಕೊಂಡೇ ಹೋದಳು. ಅವಳು ಕೈ ಚಾಚಿದ್ದಳಮ್ಮಾ ಎಂದು ಒಂದು ಸಲವಾದರೂ ನಾನು ಹೇಳಬೇಕಿತ್ತು.